"ಐ7 ಹಾಕ್ಕೊಡ್ತೀವಿ ಸಾರ್" ಅಂದರೆ ಅಲ್ಲೇ ನಿಲ್ಲಿ, ಪೂರ್ತಿ ನಂಬರ್ ಕೇಳಿ

ಹೊಸ ಕಂಪ್ಯೂಟರ್ ಅಸೆಂಬಲ್ ಮಾಡಿಸಲು ಹೊರಟವರು ದಯವಿಟ್ಟು ಇದನ್ನು ಓದಿ. ಅದರಲ್ಲೂ ಸ್ಟುಡಿಯೋ, ಡಿಟಿಪಿ, ಆಲ್ಬಮ್ ಡಿಸೈನ್ ಅಂತ ಕಂಪ್ಯೂಟರ್ ನಂಬಿಕೊಂಡೇ ಬದುಕುವವರು. ಐ7 ಅಂದರೆ ಇಂಟೆಲ್ ಕಂಪನಿಯ ಒಂದು ಸಾಲಿನ ಪ್ರೊಸೆಸರ್, ಕಂಪ್ಯೂಟರಿನ ಮಿದುಳು ಇದ್ದ ಹಾಗೆ; ಐ3, ಐ5 ಅದಕ್ಕಿಂತ ಕೆಳಗಿನ ಸಾಲು. ಅಂಗಡಿಯವರು ಐ7 ಅಂದ ಕೂಡಲೇ ಖುಷಿಪಡಬೇಡಿ. ಯಾವ ಐ7? ಅದರ ಮುಂದಿನ ನಂಬರ್ ಏನು? ಅದನ್ನು ಹೇಳಿಸಿ, ಬರೆಸಿಕೊಂಡು, ಆಮೇಲೆ ಮುಂದಿನ ಮಾತು.

ಮಂಡ್ಯದಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಬೀಗರೂಟ, ಎಲ್ಲಾ ಶೂಟ್ ಮಾಡ್ತೀವಿ. ಹಳೇ ಸಿಸ್ಟಮ್ ಕೈಕೊಟ್ಟಿತ್ತು, ಮದುವೆ ಸೀಸನ್ ಹತ್ತಿರ ಬಂದಿತ್ತು. ನಮ್ಮೂರಿನ ಪರಿಚಯದ ಹುಡುಗ ಒಂದು ಕೊಟೇಷನ್ ಕೊಟ್ಟಿದ್ದ. ಇಂಟೆಲ್ ಐ3-12100, ಎಚ್610 ಬೋರ್ಡ್, 16 ಜಿಬಿ ಡಿಡಿಆರ್4 ರ‍್ಯಾಮ್, ಎನ್‌ವಿಎಂಇ ಎಸ್‌ಎಸ್‌ಡಿ. 34,000 ರೂಪಾಯಿ ಹೇಳಿದ್ದ. ಮೈಸೂರಲ್ಲಿ ಒಂದು ಸಲ ರೇಟು ನೋಡೋಣ ಅಂತ ಆ ಚೀಟಿ ಹಿಡಿದುಕೊಂಡು ಅಲ್ಲಿನ ಒಂದು ಅಂಗಡಿಗೆ ಹೋದೆ. ಅಂಗಡಿ ಹೆಸರು ಬರೆಯುತ್ತಿಲ್ಲ, ದೂರು ಕೊಟ್ಟಿದ್ದೀನಿ.

ಅಂಗಡಿಯವನು ಚೀಟಿ ನೋಡಿದವನೇ ನಕ್ಕುಬಿಟ್ಟ. "ಐ3ನಾ? ಸ್ಟುಡಿಯೋ ಕೆಲಸಕ್ಕೆ ಐ3 ಹಾಕಿ ಅಂದ್ರಾ ಸಾರ್? ಅದು ಸ್ಕೂಲ್ ಮಕ್ಕಳು ಹೋಮ್‌ವರ್ಕ್ ಮಾಡೋಕೆ. ಇದಕ್ಕಿಂತ ಕಮ್ಮಿ ದುಡ್ಡಿಗೆ ನಾನು ಐ7 ಹಾಕ್ಕೊಡ್ತೀನಿ." ಅಷ್ಟು ಹೇಳಿ ನನ್ನ ಕೊಟೇಷನ್ನೇ ತಿರುಗಿಸಿ, ಅದರ ಹಿಂದೆ ಪೆನ್ನಲ್ಲಿ ಮಧ್ಯ ಗೆರೆ ಎಳೆದು ಬರೆಯತೊಡಗಿದ. ಒಂದು ಕಡೆ ಐ3, ಇನ್ನೊಂದು ಕಡೆ ಐ7. ಕೋರ್ (ಪ್ರೊಸೆಸರ್ ಒಳಗೆ ಕೆಲಸ ಮಾಡುವ ಭಾಗ) 4, ಕೋರ್ 4. ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು) 8, ಥ್ರೆಡ್ 8. ಗಿಗಾಹರ್ಟ್ಸ್ 3.3, ಗಿಗಾಹರ್ಟ್ಸ್ 3.4. ಆ 3.4ರ ಕೆಳಗೆ ಎರಡು ಗೆರೆ. "ನೋಡಿ, ನೀವೇ ಹೇಳಿ ಸಾರ್, ಯಾವುದು ಜಾಸ್ತಿ?"

ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಹೊಟ್ಟೆ ಉರಿಯೋದು ಏನು ಗೊತ್ತಾ? ಅದರಲ್ಲಿ ಬರೆದ ಒಂದೊಂದು ನಂಬರೂ ನಿಜ. ಒಂದೂ ಸುಳ್ಳಲ್ಲ. ನಿಜವಾದ ನಂಬರ್‌ಗಳನ್ನೇ ಜೋಡಿಸಿ ಮೋಸ ಮಾಡಿದ. ಬರೆಯಬೇಕಾದ್ದು ಒಂದೇ ಒಂದಿತ್ತು, ಅದನ್ನು ಬರೆಯಲಿಲ್ಲ.

28,000ಕ್ಕೆ ಮಾತಾಯಿತು. ಮುಂದೆ ಗ್ಲಾಸು, ಒಳಗೆ ಬಣ್ಣಬಣ್ಣದ ಲೈಟು ತಿರುಗುವ ಫ್ಯಾನು, ಮೂಲೆಯಲ್ಲಿ ನೀಲಿ ಸ್ಟಿಕ್ಕರ್. ಬಿಲ್ ಕೇಳಿದರೆ "ಬಿಲ್ ಬೇಕಂದ್ರೆ ಜಿಎಸ್‌ಟಿ ಸೇರುತ್ತೆ ಸಾರ್, ಸುಮ್ನೆ ಯಾಕೆ, ವಾರಂಟಿಗೆ ನಾನಿದ್ದೀನಲ್ಲ" ಅಂದ. ಎಸ್ಟಿಮೇಟ್ ಪುಸ್ತಕದಿಂದ ಒಂದು ಹಾಳೆ ಹರಿದುಕೊಟ್ಟ. ಅದರಲ್ಲಿ "ಐ7 ಸಿಸ್ಟಮ್ ಫುಲ್ ಸೆಟ್, 1" ಅಂತ ಇದೆ, ಅಷ್ಟೇ.

ಆಲ್ಬಮ್ ಡಿಸೈನ್ ಹೇಗೋ ನಡೀತಿತ್ತು. ವಿಡಿಯೋ ಹಾಕಿದಾಗ ಬಣ್ಣ ಬಯಲಾಯಿತು. ನಮ್ಮ ಕ್ಯಾಮೆರಾ ಎಚ್.265 ಅನ್ನೋ ವಿಡಿಯೋ ಫಾರ್ಮ್ಯಾಟ್‌ನಲ್ಲಿ ರೆಕಾರ್ಡ್ ಮಾಡುತ್ತದೆ, ಈಗಿನ ಬಹಳಷ್ಟು ಕ್ಯಾಮೆರಾ ಹಾಗೇ. ಟೈಮ್‌ಲೈನ್ ಮೇಲೆ ಕ್ಲಿಪ್ ಇಟ್ಟು ಪ್ಲೇ ಒತ್ತಿದರೆ ಧ್ವನಿ ಮುಂದೆ ಹೋಗುತ್ತದೆ, ಚಿತ್ರ ಅಲ್ಲೇ ನಿಂತಿರುತ್ತದೆ. ಒಂದು ದಿನ ಹುಡುಗಿಯ ತಂದೆ ಸ್ಟುಡಿಯೋಗೆ ಬಂದು ಪಕ್ಕದಲ್ಲೇ ಕೂತಿದ್ದರು. ಧಾರೆ ಎರೆಯುವ ದೃಶ್ಯ ತೋರಿಸುತ್ತಿದ್ದೆ. ಗಟ್ಟಿಮೇಳ ಜೋರಾಗಿ ಕೇಳ್ತಿದೆ, ಪರದೆ ಮೇಲೆ ಎಲ್ಲರೂ ಕಲ್ಲಾಗಿ ನಿಂತಿದ್ದಾರೆ. "ಹೊಸ ಮಿಷನ್ ತಂದಿದ್ದೀವಿ ಅಂದ್ರಲ್ಲ ಅಣ್ಣ?" ಅಂತ ಅವರು ಕೇಳಿದಾಗ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಅಂಗಡಿಗೆ ಫೋನ್ ಮಾಡಿದರೆ "ಸಾಫ್ಟ್‌ವೇರ್ ಪ್ರಾಬ್ಲಮ್ ಸಾರ್, ವಿಂಡೋಸ್ ಹೊಸದಾಗಿ ಹಾಕಿಸಿ." ಹಾಕಿಸಿದ್ದಾಯಿತು. ಮತ್ತೆ ಮಾಡಿದರೆ "ವೈರಸ್ ಇರಬಹುದು."

ಕೊನೆಗೆ ನಮ್ಮ ಅಕ್ಕನ ಮಗ ಹಬ್ಬಕ್ಕೆ ಬಂದಾಗ ಕೂತು ನೋಡಿದ. ಇಂಜಿನಿಯರಿಂಗ್ ಓದ್ತಿದ್ದಾನೆ. ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್ ಒತ್ತಿದ. ಬಲಗಡೆ ಮೇಲೆ ಹೆಸರು ಬಂತು, ಐ7-3770. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. "ಮಾವ, ಇದು ಮೂರನೇ ಜನರೇಷನ್. 2012ರಲ್ಲಿ ಬಂದಿದ್ದು. ನಾನಾಗ ಪ್ರೈಮರಿ ಸ್ಕೂಲು." ನಾನು ನಂಬಲಿಲ್ಲ. ಪ್ರೊಸೆಸರ್ ಮೇಲಿನ ಕೂಲರ್ ಬಿಚ್ಚು ಅಂದೆ. ಪೇಸ್ಟನ್ನು ಹತ್ತಿಯಲ್ಲಿ ಒರೆಸಿದ. ಮೇಲಿನ ತಗಡಿನ ತುಂಬ ಗೀರು, ಮೂಲೆ ಸವೆದಿದೆ, ಯಾವ ಆಫೀಸಿನ ಸಿಸ್ಟಮ್‌ನಿಂದ ಕಿತ್ತಿದ್ದೋ. ಮಧ್ಯದಲ್ಲಿ ಸ್ಪಷ್ಟವಾಗಿ ಐ7-3770, 3.40 ಗಿಗಾಹರ್ಟ್ಸ್ ಅಂತ ಅಚ್ಚಾಗಿದೆ. ಅವನು ಎರಡು ಗೆರೆ ಎಳೆದಿದ್ದ ಅದೇ 3.4.

ಈಗ ಕೇಳಿ, ಅವನು ನಕ್ಕ ಆ ಐ3-12100 ಬಂದಿದ್ದು 2022ರಲ್ಲಿ. ಹನ್ನೆರಡನೇ ಜನರೇಷನ್. ಎರಡಕ್ಕೂ ನಾಲ್ಕು ಕೋರ್ ಎಂಟು ಥ್ರೆಡ್ ಇರುವುದು ನಿಜ. ಆದರೆ 3.3, 3.4 ಅನ್ನೋದು ಬೇಸ್ ಸ್ಪೀಡು, ಅಂದರೆ ಮಾಮೂಲಿ ವೇಗ. ಕೆಲಸ ಬಿದ್ದಾಗ ಐ3 4.3ರವರೆಗೆ ಹೋಗುತ್ತದೆ, ಈ ಐ7 3.9ಕ್ಕೇ ನಿಲ್ಲುತ್ತದೆ. ಕ್ಯಾಷ್, ಅಂದರೆ ಪ್ರೊಸೆಸರ್ ಒಳಗಿನ ಚಿಕ್ಕ ಮೆಮೊರಿ, ಆ ಐ3ಗೆ 12 ಎಂಬಿ, ಈ ಐ7ಗೆ 8. ಅದೂ ದೊಡ್ಡ ಮಾತಲ್ಲ. ಆಲೆಮನೆಯಲ್ಲಿ ಎರಡು ಗಾಣ ಒಂದೇ ವೇಗದಲ್ಲಿ ತಿರುಗಬಹುದು, ಒಂದು ಸುತ್ತಿಗೆ ಎಷ್ಟು ಕಬ್ಬು ಅರೆಯುತ್ತೆ ಅನ್ನೋದು ಬೇರೆ ಲೆಕ್ಕ, ಅಲ್ವಾ? ಹೊಸ ಚಿಪ್ಪು ಒಂದೊಂದು ಸುತ್ತಿಗೆ ಮಾಡುವ ಕೆಲಸವೇ ಜಾಸ್ತಿ. ಎಲ್ಲಾ ಕೋರ್ ಓಡಿಸುವ ಟೆಸ್ಟ್‌ಗಳಲ್ಲಿ ಈ ಐ3, ಆ ಐ7ನ ಸುಮಾರು ಎರಡರಷ್ಟು ಅಂಕ ತೆಗೆಯುತ್ತದೆ. ಎರಡರಷ್ಟು! ಅದನ್ನು ಸ್ಕೂಲ್ ಮಕ್ಕಳದ್ದು ಅಂದ.

ಇನ್ನು ನನ್ನ ವಿಡಿಯೋ ಕಥೆ. ಐ3-12100 ಒಳಗಿನ ಗ್ರಾಫಿಕ್ಸ್ ಎಚ್.265 ಬಿಡಿಸುವ ಕೆಲಸವನ್ನು ತಾನೇ ಮಾಡುತ್ತದೆ, ಹೆಚ್ಚು ಬಣ್ಣ ಹಿಡಿಯುವ 10 ಬಿಟ್ ವಿಡಿಯೋ ಇದ್ದರೂ ಸರಿ. 3770ರ ಗ್ರಾಫಿಕ್ಸ್‌ಗೆ ಅದು ಬರೋದೇ ಇಲ್ಲ. ಆ ಫಾರ್ಮ್ಯಾಟ್ ಸಿದ್ಧವಾಗಿದ್ದೇ 2013ರಲ್ಲಿ, ಚಿಪ್ಪು ಅದಕ್ಕಿಂತ ಹಿಂದಿನದು. ಹಾಗಾಗಿ ಅಷ್ಟೂ ಭಾರ ಕೋರ್‌ಗಳ ಮೇಲೆ. ವಿಡಿಯೋ ಎಡಿಟ್ ಮಾಡುವ ಪ್ರೀಮಿಯರ್ ಪ್ರೊ ಸಾಫ್ಟ್‌ವೇರ್ ಕೂಡ ಕನಿಷ್ಠ ಆರನೇ ಜನರೇಷನ್ ಕೇಳುತ್ತದೆ. ಬೋರ್ಡ್ ನೋಡಿದರೆ ಎಚ್61. ರ‍್ಯಾಮ್ ಡಿಡಿಆರ್3. ಆ ಬೋರ್ಡಿನಲ್ಲಿ ಎಸ್‌ಎಸ್‌ಡಿ ಜೋಡಿಸುವ ಸಾಟಾ ಪೋರ್ಟ್ ಸೆಕೆಂಡಿಗೆ 3 ಗಿಗಾಬಿಟ್ ಮಾತ್ರ, ಹಾಕಿರುವ ಎಸ್‌ಎಸ್‌ಡಿ ಅರ್ಧ ವೇಗದಲ್ಲಿ ಓಡ್ತಿದೆ. ವಿಂಡೋಸ್ 11ಕ್ಕೆ ಇಂಟೆಲ್ ಎಂಟನೇ ಜನರೇಷನ್ನೋ ಅದಕ್ಕಿಂತ ಹೊಸದೋ ಬೇಕು ಅಂತ ಮೈಕ್ರೋಸಾಫ್ಟೇ ಹೇಳುತ್ತದೆ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಅಂಗಡಿಯವನು ಆ ತಪಾಸಣೆ ತಪ್ಪಿಸಿ 11 ತುರುಕಿದ್ದ. ಮುಂದೆ ಮಾಡರ್ನ್ ಪ್ರೊಸೆಸರ್ ಹಾಕೋಣ ಅಂದರೂ ಆಗಲ್ಲ. ಈ ಬೋರ್ಡಿನಲ್ಲಿ ಪ್ರೊಸೆಸರ್ ಕೂರಿಸುವ ಸಾಕೆಟ್ಟೇ 1155, ಎರಡನೇ ಮತ್ತು ಮೂರನೇ ಜನರೇಷನ್‌ಗೆ ಬಿಟ್ಟು ಬೇರೆ ಯಾವುದಕ್ಕೂ ಆಗಲ್ಲ.

ಅಂಗಡಿಯವನಿಗೆ ಸ್ಕ್ರೀನ್‌ಶಾಟ್ ವಾಟ್ಸಾಪ್ ಮಾಡಿದೆ. ನೀಲಿ ಟಿಕ್ ಬಂತು, ಉತ್ತರ ಸಂಜೆಗೆ ಬಂತು. "ಐ7 ಕೇಳಿದ್ರಿ, ಐ7 ಕೊಟ್ಟಿದೀವಿ." ನಾನು ಎಲ್ಲಿ ಕೇಳಿದ್ದೆ? ನಾನು ಹೋಗಿದ್ದೇ ಐ3 ಚೀಟಿ ಹಿಡಿದುಕೊಂಡು! ಹತ್ತು ವರ್ಷಕ್ಕೂ ಹಳೇದನ್ನು ಕೊಟ್ಟಿದ್ದೀರಲ್ಲ ಅಂದರೆ "ಪ್ರೊಸೆಸರ್‌ಗೆ ಹಳೇದು ಹೊಸದು ಅಂತ ಇರಲ್ಲ ಸಾರ್, ಓಡ್ತಿದೆ ಅಲ್ವಾ?"

ಸಿಸ್ಟಮ್ ಹೊತ್ತುಕೊಂಡು ಬಸ್ಸು ಹತ್ತಿ ಮೈಸೂರಿಗೇ ಹೋದೆ. ಬೇರೆ ಗಿರಾಕಿಗಳು ಇದ್ದರು. ನನ್ನನ್ನು ನೋಡಿ ದನಿ ತಗ್ಗಿಸಿ "ಜನರೇಷನ್ ಯಾವುದು ಅಂತ ನೀವು ಕೇಳಲೇ ಇಲ್ವಲ್ಲ" ಅಂದ. ಚೀಟಿ ತೋರಿಸಿದೆ. "ಇದರಲ್ಲಿ ತಪ್ಪೇನಿದೆ ತೋರಿಸಿ." ಹಾಗಾದರೆ ವಾಪಸ್ ತಗೋ, ದುಡ್ಡು ಕೊಡು ಅಂದೆ. ಸಿಸ್ಟಮ್ ಕಡೆ ಒಂದು ಸಲ ಕಣ್ಣು ಹಾಯಿಸಿ ಅವನು ಕೊಟ್ಟ ಉತ್ತರ ಇದು: "8,000 ಕೊಡ್ತೀನಿ. ಹಳೇ ಮಾಡಲ್ ಸಾರ್, ಇದಕ್ಕೆ ಮಾರ್ಕೆಟ್ ಇಲ್ಲ."

ಮಾರುವಾಗ ಹಳೇದು ಹೊಸದು ಇರಲಿಲ್ಲ. ವಾಪಸ್ ತಗೊಳ್ಳುವಾಗ ಹಳೇ ಮಾಡಲ್. ಅದೇ ಬಾಯಿ, ಅದೇ ಪೆಟ್ಟಿಗೆ. ಮೈಯೆಲ್ಲಾ ಉರಿದುಹೋಯಿತು, ಅಲ್ಲಿ ನಿಂತಿದ್ದ ಗಿರಾಕಿಗಳಿಗೆ ಕೇಳುವ ಹಾಗೆ ಜೋರಾಗಿಯೇ ಹೇಳಿ ಬಂದೆ, ಪೂರ್ತಿ ನಂಬರ್ ಕೇಳಿ ಅಂತ.

ಇಲ್ಲೂ ಅದನ್ನೇ ಹೇಳ್ತೀನಿ. ಇಂಟೆಲ್ ಐ3, ಐ5, ಐ7ನಲ್ಲಿ ಗೆರೆಯ ನಂತರ ಬರುವ ನಂಬರ್ ನೋಡಿ. ನಾಲ್ಕಂಕಿ ಇದ್ದರೆ ಸಾಮಾನ್ಯವಾಗಿ ಮೊದಲ ಅಂಕಿ ಜನರೇಷನ್, 12100 ಥರ ಐದಂಕಿ ಇದ್ದರೆ ಮೊದಲ ಎರಡು. ಕೊನೆಯಲ್ಲಿ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಬೇರೆ ಹಾಕಿಸಬೇಕು. ಇಂಟೆಲ್‌ನ ಪೈಪೋಟಿ ಕಂಪನಿ ಎಎಂಡಿಯ ರೈಜನ್ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್ ಇನ್ನೂ ಗೋಜಲು. 7520ಯು ನೋಡಲು 7000 ಸೀರೀಸ್, ಒಳಗಿನ ವಿನ್ಯಾಸ ಜೆನ್ 2, ಅಂದರೆ 2019ರದ್ದು. ಪ್ರೊಸೆಸರ್ ಸೀಲ್ ಆದ ಬಾಕ್ಸಲ್ಲೇ ಬರಬೇಕು, ನಿಮ್ಮ ಎದುರೇ ಬಿಚ್ಚಲಿ. ಇಂಟೆಲ್ ಬಾಕ್ಸ್ ಪೀಸ್‌ಗೆ ಸಾಮಾನ್ಯವಾಗಿ ಮೂರು ವರ್ಷ ಕಂಪನಿ ವಾರಂಟಿ ಇರುತ್ತದೆ, ಅಂಗಡಿಯವನ ಬಾಯಿಮಾತಿನ ವಾರಂಟಿ ಯಾರಿಗೆ ಬೇಕು? ದುಡ್ಡು ಕೊಡುವ ಮುಂಚೆ ಟಾಸ್ಕ್ ಮ್ಯಾನೇಜರ್ ತೆಗೆಸಿ. ಜಿಎಸ್‌ಟಿ ಬಿಲ್ಲಲ್ಲಿ ಪೂರ್ತಿ ನಂಬರ್ ಇರಲಿ. ಬಿಲ್ ಕೊಡದೇ ಇರೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರವೇ ತಪ್ಪು.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ. ಆ ಚೀಟಿ, ಎಸ್ಟಿಮೇಟ್ ಹಾಳೆ, ದುಡ್ಡು ಕಳಿಸಿದ ಯುಪಿಐ ದಾಖಲೆ, ವಾಟ್ಸಾಪ್ ಮಾತು, ಎಲ್ಲಾ ಇಟ್ಟುಕೊಂಡಿದ್ದೀನಿ. ಅಂಗಡಿಯವನು ಈಗ ನನ್ನ ಫೋನ್ ಎತ್ತುತ್ತಿಲ್ಲ. ನನ್ನ ಗ್ಲಾಸಿನ ಕ್ಯಾಬಿನೆಟ್ ನೋಡಿ ಮರುಳಾಗಿ ಅದೇ ಅಂಗಡಿಗೆ ಹೊರಟಿದ್ದ ನಂಜನಗೂಡಿನ ಸ್ಟುಡಿಯೋ ಗೆಳೆಯ ಅಡ್ವಾನ್ಸ್ ಕೊಡದೆ ಉಳಿದುಕೊಂಡ. ಅವನಿಗೂ "ಐ7 ಫುಲ್ ಸೆಟ್" ಅಂತಲೇ ಬರೆದುಕೊಟ್ಟಿದ್ದರು.