ಫೆಜ್ ಹಳೆ ಪೇಟೆಯಲ್ಲಿ ಇತಿಹಾಸದ ನಡಿಗೆ: ಕೊಟ್ಟ ದುಡ್ಡಿಗೆ ಮೋಸವಿಲ್ಲ, ಆದರೆ ಗುಂಪು ದೊಡ್ಡದಾಯ್ತು

ಮೊರಾಕೊದ ಫೆಜ್‌ಗೆ ಹೋದವರು ಹಳೆ ಪೇಟೆ ನೋಡಲು ಗೈಡ್ ಹಿಡಿಯುವುದು ಮಾಮೂಲು. ಜಾಸ್ತಿ ಗೈಡ್‌ಗಳು ಎರಡು ಮಾತು ಇತಿಹಾಸ ಹೇಳಿ, ಉಳಿದ ಹೊತ್ತು ಜಮಖಾನೆ ಅಂಗಡಿ, ಚರ್ಮದ ಅಂಗಡಿ ಸುತ್ತಿಸುತ್ತಾರೆ. ನಾನು ಆರಿಸಿಕೊಂಡದ್ದು ಬೇರೆ ಥರದ್ದು. ಇತಿಹಾಸದಲ್ಲಿ ಪಿಎಚ್‌ಡಿ ಮಾಡುತ್ತಿರುವ ಕೆಲವರು ಸೇರಿ ನಡೆಸುವ ಅರ್ಧ ದಿನದ ನಡಿಗೆ. ತಲೆಗೆ 400 ದಿರ್ಹಮ್, ಅಂದರೆ ಹತ್ತಿರ ಹತ್ತಿರ ಮೂರೂವರೆ ಸಾವಿರ ರೂಪಾಯಿ. ಯಾವ ಅಂಗಡಿಗೂ ಕರೆದೊಯ್ಯುವುದಿಲ್ಲ ಎಂದು ಮೊದಲೇ ಹೇಳಿದ್ದರು, ಹಾಗೇ ನಡೆದುಕೊಂಡರು.

ನನಗೆ ಇದರಲ್ಲಿ ಸ್ವಂತ ಆಸಕ್ತಿಯೂ ಇತ್ತು. ನಮ್ಮೂರು ಹೊನ್ನಾವರ. 14ನೇ ಶತಮಾನದಲ್ಲಿ ಮೊರಾಕೊದ ಪ್ರವಾಸಿ ಇಬ್ನ್ ಬತೂತ ನಮ್ಮೂರಿಗೆ ಬಂದಿದ್ದ. ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆ ಎಂದು ಹೇಳಿ ಬರೆಸಿದ್ದಾನೆ. ಅವನು ತಾಂಜಿಯರ್‌ನ ಬರ್ಬರ್ (ಅರಬ್ಬರು ಬರುವ ಮೊದಲೇ ಉತ್ತರ ಆಫ್ರಿಕಾದಲ್ಲಿದ್ದ ಜನ) ಮೂಲದ ಮನೆತನದವನು. ಊರಿಗೆ ವಾಪಸಾದ ಮೇಲೆ ಇದನ್ನೆಲ್ಲ ಬರೆಸು ಎಂದವನು ಫೆಜ್‌ನಲ್ಲಿ ಆಳುತ್ತಿದ್ದ ಸುಲ್ತಾನ ಅಬು ಇನಾನ್. ಕೆಲಸ ಮುಗಿದದ್ದು 1355ರಲ್ಲಿ.

ಅದೇ ಅಬು ಇನಾನ್ ಕಟ್ಟಿಸಿದ ಬೂ ಇನಾನಿಯಾ ಮದರಸೆ ನಮ್ಮ ಮೊದಲ ನಿಲ್ದಾಣ. ಇದರ ಕೆಲಸವೂ 1350ರಲ್ಲಿ ಶುರುವಾಗಿ 1355ರಲ್ಲೇ ಮುಗಿದಿದೆ. ಗೋಡೆಯನ್ನು ಕೆಳಗಿಂದ ಮೇಲಕ್ಕೆ ನೋಡಬೇಕು. ಮೊದಲು ಚೂರು ಚೂರು ಮಾಡಿ ಕೂಡಿಸಿದ ಬಣ್ಣದ ಹೆಂಚು, ಅದರ ಮೇಲೆ ಕೆತ್ತಿದ ಗಾರೆ, ತುದಿಯಲ್ಲಿ ದೇವದಾರು ಮರ. ಎಲ್ಲರೂ ಫೋಟೊ ತೆಗೆಯುವ ಜಾಗವೇ. ನಮ್ಮ ಗೈಡ್ ಮಾತ್ರ ಎಲ್ಲರನ್ನೂ ಪಕ್ಕಕ್ಕೆ ಕರೆದು ಫೋನಿನಲ್ಲಿ ಒಂದು ಪಟ ತೋರಿಸಿದರು. ಪ್ರಾರ್ಥನೆಯ ಕೋಣೆಯೊಳಗೆ ಇರುವ ಅಮೃತಶಿಲೆಯ ಶಾಸನ ಅದು. ಮದರಸೆಯ ಖರ್ಚಿಗೆಂದು ಬಿಟ್ಟುಕೊಟ್ಟ ಅಂಗಡಿ, ಮನೆ ಮುಂತಾದ ಆಸ್ತಿಗಳ ಉದ್ದನೆ ಪಟ್ಟಿ. ನಮ್ಮ ಕಡೆ ದೇವಸ್ಥಾನದ ಅಂಗಳದಲ್ಲಿ ನಿಲ್ಲಿಸಿರುವ ದಾನಶಾಸನದ ಹಾಗೇ! ಅವರು ಸಾಲು ಸಾಲಾಗಿ ಓದಿ ಅರ್ಥ ಹೇಳಿದರು.

ಆಮೇಲೆ ಕೇಳಿದರು: ಒಬ್ಬ ಸುಲ್ತಾನ ಪಾಠಶಾಲೆಗೆ ಇಷ್ಟೊಂದು ಯಾಕೆ ಸುರಿಯುತ್ತಾನೆ? ಇಡೀ ನಡಿಗೆಯ ಒಳ್ಳೆಯ ಭಾಗ ಇದೇ. ಅಬು ಇನಾನ್‌ನದು ಮರೀನಿ ಮನೆತನ, ಝನಾತ ಬರ್ಬರ್ ಕುಲ. ಪ್ರವಾದಿಯ ವಂಶ ಎಂದು ಹೇಳಿಕೊಳ್ಳುವ ಹಾಗಿರಲಿಲ್ಲ. ಅವರಿಗಿಂತ ಹಿಂದೆ ಆಳಿದ ಅಲ್ಮೊರಾವಿದ್, ಅಲ್ಮೊಹಾದ್ ಮನೆತನಗಳೂ ಬರ್ಬರರವೇ. ಆದರೆ ಅವರು ಧರ್ಮ ಸುಧಾರಣೆಯ ಹೆಸರಿನಲ್ಲಿ ಗದ್ದುಗೆ ಹಿಡಿದವರು. ಮರೀನಿಗಳಿಗೆ ಆ ಬಲವೂ ಇಲ್ಲ. ಅದಕ್ಕೇ ಮದರಸೆ ಕಟ್ಟಿ, ವಿದ್ವಾಂಸರನ್ನು ಸಾಕಿ, ಅವರ ಬಾಯಿಂದ ಸೈ ಅನ್ನಿಸಿಕೊಂಡರು. ಫೆಜ್ ಎಂದರೆ ಅರಬ್ಬರ ಊರು ಎಂದಷ್ಟೇ ಓದಿಕೊಂಡು ಹೋದವರಿಗೆ ಈ ಒಂದು ವಿವರಣೆಯಿಂದ ಊರೇ ಬೇರೆ ಥರ ಕಾಣಿಸುತ್ತದೆ. ಹಾಗಂತ ಸಾಕಿದ ವಿದ್ವಾಂಸರೆಲ್ಲ ಸುಖವಾಗಿದ್ದರು ಅಂತಲ್ಲ. ಹೆಸರಾಂತ ಇತಿಹಾಸಕಾರ ಇಬ್ನ್ ಖಲ್ದೂನ್‌ನನ್ನು ಇದೇ ಅಬು ಇನಾನ್ 1357ರಲ್ಲಿ ಜೈಲಿಗೆ ಹಾಕಿದ. ಸುಲ್ತಾನ ಸತ್ತ ಮೇಲೆಯೇ ಅವನಿಗೆ ಬಿಡುಗಡೆ.

ಖರವಿಯ್ಯೀನ್ ಮಸೀದಿಯೊಳಗೆ ಮುಸ್ಲಿಮರಲ್ಲದವರು ಹೋಗುವ ಹಾಗಿಲ್ಲ, ಬಾಗಿಲಿಂದಲೇ ಇಣುಕಬೇಕು. 859ರಲ್ಲಿ ಫಾತಿಮಾ ಅಲ್ ಫಿಹ್ರಿ ಎಂಬ ಹೆಣ್ಣುಮಗಳು ಕಟ್ಟಿಸಿದ್ದು ಎಂಬ ಕಥೆ ನೀವೂ ಕೇಳಿರುತ್ತೀರಿ, ಅಲ್ವಾ? ಗೈಡ್ ಅದನ್ನೂ ಹೇಳಿದರು. ಜೊತೆಗೆ, ಈ ಕಥೆ ಸಿಗುವುದು ನಾಲ್ಕೂವರೆ ಶತಮಾನ ಕಳೆದ ಮೇಲಿನ ಬರಹದಲ್ಲಿ ಎಂದರು. ಮಸೀದಿಯ ದುರಸ್ತಿ ವೇಳೆ ಸಿಕ್ಕ ಶಾಸನದಲ್ಲಿ ಇರುವುದು ಆಗ ಫೆಜ್ ಆಳುತ್ತಿದ್ದ ಇದ್ರೀಸಿ ಮನೆತನದ ದಾವೂದ್‌ನ ಹೆಸರು, ಇಸವಿ 877. ಗುಂಪಿನಲ್ಲಿದ್ದ ಒಬ್ಬರಿಗೆ ಸ್ವಲ್ಪ ಬೇಜಾರಾಯಿತು. ನನಗಂತೂ ಖುಷಿಯಾಯಿತು. ಸುಮ್ನೆ ಚೆಂದದ ಕಥೆ ಹೇಳಿ ಟಿಪ್ಸ್ ತೆಗೆದುಕೊಳ್ಳಬಹುದಿತ್ತು, ಅವರು ಹಾಗೆ ಮಾಡಲಿಲ್ಲ.

ಇನ್ನು ತಕರಾರು. ಹನ್ನೆರಡು ಜನರ ಗುಂಪು ಆ ಓಣಿಗಳಿಗೆ ಜಾಸ್ತಿ. ಹಿಂದಿನಿಂದ ಸರಕು ಹೊತ್ತ ಕತ್ತೆ ಬರುತ್ತದೆ, ಓಡಿಸುವವನು 'ಬಾಲಕ್, ಬಾಲಕ್' (ದಾರಿ ಬಿಡಿ) ಎಂದು ಕೂಗುತ್ತಾನೆ, ಎಲ್ಲರೂ ಗೋಡೆಗೆ ಅಂಟಿ ನಿಲ್ಲಬೇಕು. ಅಷ್ಟರಲ್ಲಿ ಗೈಡ್ ಹೇಳುತ್ತಿದ್ದುದರ ಅರ್ಧ ಹೋಯಿತು. ಕಾಲರ್ ಮೈಕ್ ಇಲ್ಲ, ಇಯರ್‌ಫೋನ್ ಇಲ್ಲ. ಕೊಟ್ಟ ಕರಪತ್ರ ಫ್ರೆಂಚ್‌ನಲ್ಲಿ ಮಾತ್ರ.

ಅದಕ್ಕಿಂತ ದೊಡ್ಡ ಬೇಜಾರು, ಹೊಸ ಕಾಲದ ರಾಜಕೀಯವನ್ನು ಕೊನೆಗೆ ಪುದೀನ ಚಹಾ ಕುಡಿಯುವಾಗ ಗಡಿಬಿಡಿಯಲ್ಲಿ ಮುಗಿಸಿದ್ದು. 1930ರಲ್ಲಿ, ಆಗ ಮೊರಾಕೊವನ್ನು ಹಿಡಿತದಲ್ಲಿ ಇಟ್ಟುಕೊಂಡಿದ್ದ ಫ್ರೆಂಚರು ಬರ್ಬರ್ ಸೀಮೆಗಳಿಗೆ ಷರೀಯತ್ ಬಿಟ್ಟು ಅವರದೇ ಕಟ್ಟುಕಟ್ಟಳೆಯ ಕೋರ್ಟು ಎಂದು ಕಾನೂನು ತಂದರು. ಒಡೆದು ಆಳುವ ಆಟ ಇದು ಎಂದು ಸಲೇ, ಫೆಜ್‌ನ ಮಸೀದಿಗಳಲ್ಲಿ ಪ್ರಾರ್ಥನೆಯೇ ಪ್ರತಿಭಟನೆಯಾಯಿತು. ಆಮೇಲೆ ಬಹಳ ಕಾಲ ಬರ್ಬರ್ ಭಾಷೆಯ ಪರ ಮಾತಾಡಿದವರನ್ನು ಅನುಮಾನದಿಂದ ನೋಡುತ್ತಿದ್ದರು. 2001ರಲ್ಲಿ ಆ ಭಾಷೆಗೆ ಸರ್ಕಾರಿ ಸಂಸ್ಥೆ ಬಂತು, 2003ರಲ್ಲಿ ಅದನ್ನು ಬರೆಯಲು ತಿಫಿನಾಗ್ ಎಂಬ ಲಿಪಿ ನಿಗದಿಯಾಯಿತು, 2011ರ ಸಂವಿಧಾನದಲ್ಲಿ ಅರಬ್ಬಿಯ ಜೊತೆ ಅಧಿಕೃತ ಭಾಷೆಯಾಯಿತು. ಗೈಡ್ ಸ್ವತಃ ಮಧ್ಯ ಅಟ್ಲಾಸ್ ಗುಡ್ಡದ ಕಡೆಯವರು, ಮನೆಯಲ್ಲಿ ಆಡುವುದು ಅದೇ ಭಾಷೆ. ಅವರಿಗೆ ಹೇಳಲು ಬಹಳ ಇತ್ತು, ನಮಗೆ ಕೇಳಲೂ ಇತ್ತು. ಹೊತ್ತು ಸಾಲಲಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಚಿಕ್ಕ ಮಕ್ಕಳಿದ್ದರೆ, ಅಥವಾ ಚರ್ಮ ಹದ ಮಾಡುವ ಬಣ್ಣದ ತೊಟ್ಟಿಗಳ ಫೋಟೊ ಸಾಕು ಎನ್ನುವವರಾದರೆ ಇದು ಬೇಡ, ಬೋರ್ ಆಗುತ್ತದೆ. ಮಂಡಿನೋವು ಇರುವವರೂ ಯೋಚಿಸಿ, ಓಣಿಗಳೆಲ್ಲ ಏರು-ಇಳಿಜಾರು. ಹೋಗುವುದಾದರೆ ನಾಲ್ಕೈದು ಜನ ನೀವೇ ಸೇರಿಕೊಂಡು ಬೇರೆ ಗುಂಪು ಕೇಳಿ, ಕೊಡುತ್ತಾರೆ. ಶುಕ್ರವಾರ ಮಧ್ಯಾಹ್ನ ಪೇಟೆಯಲ್ಲಿ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಓಣಿ ಖಾಲಿ, ಕತ್ತೆ ಕಾಟವೂ ಕಡಿಮೆ. ಗೈಡ್ ಮಾತು ಕೇಳುವುದೇ ಮುಖ್ಯ ಎನ್ನುವವರು ಆ ಹೊತ್ತಿಗೆ ಸಿಗುತ್ತದಾ ವಿಚಾರಿಸಿ ನೋಡಿ.