ಟೊಂಕದ ನೋವು: ಹಾಸಿಗೆ, ಎಣ್ಣೆ, ಮಾತ್ರೆ, ಪ್ಲಾಟ್‌ಫಾರ್ಮ್

ಹುಬ್ಬಳ್ಳಿ ರೈಲು ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮ್ 1,507 ಮೀಟರ್ ಇದೆ. ಜಗತ್ತಿನಲ್ಲೇ ಅತಿ ಉದ್ದದ್ದು ಎಂದು 2023ರ ಮಾರ್ಚ್‌ನಲ್ಲಿ ಅದರ ಉದ್ಘಾಟನೆಯಾದಾಗ ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬ. ಅದೇ ವರ್ಷದ ಡಿಸೆಂಬರಿನಲ್ಲಿ ಅದೇ ಪ್ಲಾಟ್‌ಫಾರ್ಮಿನ ಮೇಲೆ ನಿಂತು, ಇಷ್ಟುದ್ದ ಯಾಕಾದರೂ ಕಟ್ಟಿದರೋ ಎಂದು ಶಪಿಸಿದವನೂ ನಾನೇ. ಎಡಗಾಲಿನ ಮೀನಖಂಡದೊಳಗೆ ಕಾದ ತಂತಿ ಎಳೆದಂತೆ ಆಗುತ್ತಿತ್ತು. 140 ಹೆಜ್ಜೆಗೊಮ್ಮೆ ಬೆಂಚು ಬೇಕಾಗುತ್ತಿತ್ತು.

ಗದಗಿನಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯವಿದೆ. ಊರಿಗೆ ಮುದ್ರಣ ಕಾಶಿ ಎಂಬ ಹೆಸರಿದೆ. ಪುಣ್ಯದ ಮಾತು ಗೊತ್ತಿಲ್ಲ, ಟೊಂಕದ ನೋವಿಗಂತೂ ಇಲ್ಲಿ ಕೊರತೆಯಿಲ್ಲ. ನವೆಂಬರ್ ಬಂತೆಂದರೆ ಕ್ಯಾಲೆಂಡರು, ಮದುವೆ ಪತ್ರಿಕೆಗಳ ಗದ್ದಲ. ಡಬಲ್ ಡೆಮಿ ಅಳತೆಯ 60 ಜಿಎಸ್‌ಎಂ (ಚದರ ಮೀಟರಿಗೆ 60 ಗ್ರಾಂ) ಕಾಗದದ ಒಂದು ರೀಮು, ಎಂದರೆ 500 ಹಾಳೆ, ಹೆಚ್ಚುಕಡಿಮೆ 16 ಕಿಲೋ ತೂಗುತ್ತದೆ. ಕೆಲಸದ ಹುಡುಗ ರಜೆ ಹಾಕಿದ್ದ ದಿನ ಎರಡು ರೀಮುಗಳನ್ನು ಒಟ್ಟಿಗೆ ಎತ್ತಿ, ಪಾದ ಕದಲಿಸದೆ ಸೊಂಟವನ್ನಷ್ಟೇ ತಿರುಗಿಸಿ ಯಂತ್ರದ ಪಕ್ಕಕ್ಕೆ ಇಡಲು ಹೋದೆ. ಚಳಕು ಹೊಡೆಯಿತು. ಎರಡು ದಿನ ಟೊಂಕದಲ್ಲೇ ಇದ್ದ ನೋವು ಮೂರನೆಯ ದಿನ ಪಿರ್ರೆಗೆ ಇಳಿಯಿತು. ಅಲ್ಲಿಂದ ತೊಡೆಯ ಹಿಂಭಾಗ, ಮೀನಖಂಡ ದಾಟಿ ಕಿರುಬೆರಳಿನಲ್ಲಿ ಜೋಮಾಗಿ ಕುಳಿತಿತು. ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕುಗಳಲ್ಲಿ ಕೊನೆಯದರ ಅಂಚು ಬಿರಿದು, ಹೋಳಿಗೆ ಒಡೆದು ಹೂರಣ ಇಣುಕಿದಂತೆ ಒಳಗಿನ ತಿರುಳು ಹೊರಬಂದು ನರದ ಬೇರನ್ನು ಒತ್ತಿತ್ತು. ಡಾಕ್ಟರು ಇದನ್ನು ಸಯಾಟಿಕಾ ಎಂದರು, ಆಯುರ್ವೇದದ ವೈದ್ಯರು ಗೃಧ್ರಸಿ ಎಂದರು, ಅವ್ವ ನರ ಹಿಡಿದಿದೆ ಎಂದಳು.

ಮುಂದಿನ ಐದು ತಿಂಗಳಲ್ಲಿ ಮಾಡದ ಉಪಚಾರವಿಲ್ಲ. ಆದರೆ ಯಾವುದು ಎಷ್ಟು ಕೆಲಸ ಮಾಡಿತೆಂದು ಹೇಳಲು ಒಂದು ಅಳತೆ ಬೇಕಲ್ಲ? ನೋವನ್ನೇ ಕೇಳಿದರೆ ಅದು ಸುಳ್ಳು ಹೇಳುತ್ತದೆ. ಬಾಕಿ ಹಣ ಬಂದ ದಿನ ಕಡಿಮೆ, ಬಾರದ ದಿನ ಹೆಚ್ಚು. ಕಾಗದದ ಅಂಗಡಿಯ ಲೆಕ್ಕ ಚುಕ್ತಾ ಮಾಡಲು ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗುವವನು ನಾನು. ಕೂರದೆ ಎಷ್ಟು ಹೆಜ್ಜೆ ನಡೆದೆ ಎಂದು ಅದೇ ಪ್ಲಾಟ್‌ಫಾರ್ಮಿನ ಮೇಲೆ ಎಣಿಸಿ ಚೀಟಿಪುಸ್ತಕದಲ್ಲಿ ಬರೆಯತೊಡಗಿದೆ. ಪೂರ್ತಿ ಉದ್ದ ನನ್ನ ಲೆಕ್ಕದಲ್ಲಿ ಸುಮಾರು 2,200 ಹೆಜ್ಜೆ.

ಎಣಿಕೆ ಶುರುವಾಗುವ ಮೊದಲೇ ಹಾಸಿಗೆ ಹಿಡಿದಾಗಿತ್ತು. ‘ಮಲಗಿಬಿಡು, ಏಳಬೇಡ’ ಎಂದು ಬಂದವರೆಲ್ಲ ಹೇಳಿದರು. ಎಂಟು ದಿನ ಮಲಗಿದೆ. ಒಂಬತ್ತನೆಯ ದಿನ ಬಚ್ಚಲಿಗೆ ಹೋಗಲು ಗೋಡೆ ಹಿಡಿಯಬೇಕಾಯಿತು. ಕಾಲಿನ ನೋವು ಇದ್ದಲ್ಲೇ ಇತ್ತು, ಮೇಲೆ ತೊಡೆಯ ಕಸುವೂ ಹೋಗಿತ್ತು. ನೆದರ್ಲೆಂಡ್ಸಿನಲ್ಲಿ 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಯಾಟಿಕಾ ಇದ್ದ 183 ಜನರಲ್ಲಿ ಕೆಲವರನ್ನು ಎರಡು ವಾರ ಮಲಗಿಸಿದ್ದರು, ಉಳಿದವರನ್ನು ಅವರ ಪಾಡಿಗೆ ಓಡಾಡಲು ಬಿಟ್ಟಿದ್ದರು. 12 ವಾರಗಳ ಹೊತ್ತಿಗೆ ಎರಡೂ ಗುಂಪುಗಳಲ್ಲಿ ನೂರಕ್ಕೆ 87 ಜನ ಸುಧಾರಿಸಿದ್ದರು. ಈ ಅಂಕಿಯನ್ನು ನೆನಪಿನಲ್ಲಿಡಿ. ಮೂರು ತಿಂಗಳಲ್ಲಿ ಹೆಚ್ಚಿನವರಿಗೆ ತಾನಾಗಿಯೇ ಕಡಿಮೆಯಾಗುವ ನೋವು ಇದು. ಹನ್ನೊಂದನೆಯ ವಾರದಲ್ಲಿ ಯಾರು ಏನು ಕೊಟ್ಟರೂ ಹೆಸರು ಅವರಿಗೇ ಬರುತ್ತದೆ.

ಅವ್ವನ ಮದ್ದಿಗೆ ಮಾತ್ರ ನಾನು ಹೆಸರು ಕೊಡುವವನೇ. ಕಬ್ಬಿಣದ ಹಂಚಿನ ಮೇಲೆ ದಪ್ಪ ಉಪ್ಪನ್ನು ಚಟಪಟ ಎನ್ನುವ ತನಕ ಹುರಿದು, ಹಳೆಯ ಧೋತರದ ತುಂಡಿನಲ್ಲಿ ಗಂಟು ಕಟ್ಟಿ ಟೊಂಕಕ್ಕೆ ಕಾವು ಕೊಡುತ್ತಿದ್ದಳು. ಒಂದೊಂದು ದಿನ ಔಡಲ ಎಣ್ಣೆ ಸವರಿದ ಲಕ್ಕಿ ತಪ್ಪಲನ್ನು ಬಾಡಿಸಿ ಕಟ್ಟುತ್ತಿದ್ದಳು. ಬಿಗಿದುಕೊಂಡ ಸ್ನಾಯು ಸಡಿಲವಾಗಿ ಎರಡು ತಾಸು ನಿದ್ದೆ ಬರುತ್ತಿತ್ತು. ಹೆಜ್ಜೆಯ ಲೆಕ್ಕ 140ರಿಂದ 150ಕ್ಕೆ ಏರಿತು, ಅಷ್ಟೆ. ಆದರೆ ಖರ್ಚು ಒಂದು ಹಿಡಿ ಉಪ್ಪು, ಸಿಕ್ಕಿದ್ದು ನಿದ್ದೆ. ಆ ದಿನಗಳಲ್ಲಿ ನಿದ್ದೆಗಿಂತ ದೊಡ್ಡ ಔಷಧ ಇರಲಿಲ್ಲ. ಒಂದೇ ಎಚ್ಚರಿಕೆ: ಜೋಮು ಹಿಡಿದ ಜಾಗಕ್ಕೆ ಬಿಸಿ ಒತ್ತಬಾರದು. ಪಾದದ ಹೊರಬದಿಗೆ ನಾನೇ ಗಂಟು ಇಟ್ಟುಕೊಂಡೆ. ಸುಟ್ಟಿದ್ದು ತಿಳಿಯಲೇ ಇಲ್ಲ. ಬೆಳಿಗ್ಗೆ ನೋಡಿದರೆ ರೂಪಾಯಿ ನಾಣ್ಯದಷ್ಟು ಗುಳ್ಳೆ.

ಇದಕ್ಕೆ ಎದುರಾಗಿ ಮಾತ್ರೆ. ಮೊದಲ ವಾರ ಕೊಟ್ಟ ನೋವು ನಿವಾರಕ ಟೊಂಕವನ್ನು ಮಂದ ಮಾಡಿತು, ಕಾಲಿಗೆ ಅದರ ಪರಿವೆಯೇ ಇರಲಿಲ್ಲ. ಜೊತೆಗೆ ಹೊಟ್ಟೆಯಲ್ಲಿ ಉರಿ. ಆಮೇಲೆ ನರದ ನೋವಿಗೆಂದು ಪ್ರಿಗ್ಯಾಬಲಿನ್ ಬಂತು. ನೋವು ಒಂದು ಗೋಡೆಯ ಆಚೆ ಸರಿದಂತೆ ಆಯಿತು, ನಿಜ. ಆದರೆ ಕರಡು ತಿದ್ದುವ ಕಣ್ಣೂ ಗೋಡೆಯ ಆಚೆಗೇ ಹೋಯಿತು. ಒಂದು ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಹಿಂದೆ ‘ಚಿ. ಕುಂ. ಸೌ.’ ಎಂದು ಅಚ್ಚಾಗಿ ಐನೂರು ಪ್ರತಿ ಹೊರಬಿತ್ತು. ಬೀಗರ ಕಡೆಯವರು ನಕ್ಕರು, ಹುಡುಗನ ಅಪ್ಪ ನಗಲಿಲ್ಲ. ಮರುಮುದ್ರಣ ನನ್ನ ಖರ್ಚಿನಲ್ಲಿ. ಅದನ್ನೂ ಸೇರಿಸಿದರೆ ನಾನು ನುಂಗಿದ ಅತ್ಯಂತ ದುಬಾರಿ ಮಾತ್ರೆ ಅದು. ಆಸ್ಟ್ರೇಲಿಯಾದ ಸಂಶೋಧಕರು 2017ರಲ್ಲಿ ಇದೇ ಮಾತ್ರೆಯನ್ನು ಸಕ್ಕರೆ ಗುಳಿಗೆಯಂಥ ಹುಸಿಮಾತ್ರೆಯ ಎದುರಿಟ್ಟು ನೋಡಿದ್ದರು. ಸಯಾಟಿಕಾದ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ತಲೆಸುತ್ತು ಮಾತ್ರ ಹೆಚ್ಚು. ನನಗೆ ಡಾಕ್ಟರು ಹಂತಹಂತವಾಗಿ ಕಡಿಮೆ ಮಾಡಿ ನಿಲ್ಲಿಸಿದರು. ಇದನ್ನು ಒಮ್ಮೆಲೇ ಬಿಡುವಂತಿಲ್ಲ.

ನಡುವೆ ಎಲುಬು ಕೂಡಿಸುವವರೊಬ್ಬರ ಬಳಿಯೂ ಹೋಗಿ ಬಂದೆ. ಬೆನ್ನಿನ ಮೇಲೆ ಮೊಣಕಾಲೂರಿ ಹೆಗಲು ಹಿಡಿದು ತಿರುವಿದರು. ಎರಡು ರಾತ್ರಿ ಗೋಡೆಗೆ ಒರಗಿ ಕುಳಿತೇ ಬೆಳಗು ಮಾಡಿದೆ. ಅವರ ಬಗ್ಗೆ ಇಷ್ಟು ಸಾಕು.

ಆಯುರ್ವೇದದ ಕಟಿಬಸ್ತಿಯ ವಿಷಯ ಬೇರೆ. ಜನವರಿಯಲ್ಲಿ ಏಳು ದಿನ ಮಾಡಿಸಿಕೊಂಡೆ. ಬೋರಲು ಮಲಗಿಸಿ, ಉದ್ದಿನ ಹಿಟ್ಟನ್ನು ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಟೊಂಕದ ಮೇಲೆ ಬಾವಿಯ ಕಟ್ಟೆಯಂತೆ ಸುತ್ತಲೂ ಒತ್ತುತ್ತಾರೆ. ಎಣ್ಣೆ ಸೋರದಂತೆ ಒದ್ದೆ ಬೆರಳಿನಿಂದ ಅಂಚನ್ನು ಚರ್ಮಕ್ಕೆ ತೀಡುತ್ತಾರೆ. ಆಮೇಲೆ ಬೆಚ್ಚಗಿನ ತೈಲವನ್ನು ಮೆಲ್ಲಗೆ ಸುರಿಯುತ್ತಾರೆ. ಆರಿದಂತೆಲ್ಲ ಹತ್ತಿಯಲ್ಲಿ ಅದ್ದಿ ತೆಗೆದು, ಹಿಂಡಿ, ಮತ್ತೆ ಬಿಸಿಯದನ್ನು ತುಂಬುತ್ತಾರೆ. ನಲವತ್ತು ನಿಮಿಷ. ಬೆನ್ನಿನ ಮೇಲೊಂದು ಪುಟ್ಟ ಕೆರೆ ಹೊತ್ತು ಅಲ್ಲಾಡದೆ ಮಲಗುವುದು. ಆ ಹೊತ್ತಿನಲ್ಲಿ ವೈದ್ಯರು, ಗೃಧ್ರ ಎಂದರೆ ರಣಹದ್ದು, ಈ ನೋವಿನವರು ರಣಹದ್ದಿನಂತೆ ಕಾಲೆಳೆದು ನಡೆಯುವುದರಿಂದ ಆ ಹೆಸರು ಎಂದರು. ನೋವು ಪಿರ್ರೆಯಿಂದ ಹೊರಟು ಸೊಂಟ, ತೊಡೆ, ಮೊಣಕಾಲು, ಮೀನಖಂಡ, ಪಾದಕ್ಕೆ ಇಳಿಯುವ ಕ್ರಮವನ್ನು ಚರಕ ಸಂಹಿತೆ ಹೇಳಿದೆಯಂತೆ ಎಂದು ಕೇಳಿ ನಾನು ಬೆರಗಾದೆ. ನನ್ನ ಕಾಲನ್ನು ನೋಡಿಯೇ ಬರೆದಂತಿತ್ತು.

ಏಳನೆಯ ದಿನದ ನಂತರ ಪ್ಲಾಟ್‌ಫಾರ್ಮಿನಲ್ಲಿ 410 ಹೆಜ್ಜೆ. ಅಲ್ಲಿಯವರೆಗಿನ ದಾಖಲೆ ಅದೇ. ಹತ್ತು ದಿನ ಬಿಟ್ಟು ನೋಡಿದರೆ 300. ದಿನಕ್ಕೆ 400 ರೂಪಾಯಿಯಂತೆ 2,800 ಖರ್ಚಾಗಿತ್ತು. ನಷ್ಟವಾಯಿತೆಂದು ಅನ್ನಿಸಲಿಲ್ಲ.

ಅದೇ ತಿಂಗಳ ಕೊನೆಗೆ ಒಂದು ಫಿಸಿಯೋಥೆರಪಿ ಕೇಂದ್ರದಲ್ಲಿ ಸೊಂಟಕ್ಕೆ ಪಟ್ಟಿ ಬಿಗಿದು ಯಂತ್ರದಿಂದ ಎಳೆಸಿಕೊಂಡೆ. ಹತ್ತು ದಿನ ಎಳೆತ, ಹತ್ತು ದಿನ ಕರೆಂಟಿನ ಕಚಗುಳಿ. ಯಾರೂ ನನ್ನನ್ನು ಮುಟ್ಟಿ ನೋಡಲಿಲ್ಲ, ಬಾಗಿಸಿ ನೋಡಲಿಲ್ಲ. ಮಗ್ಗುಲ ಮಂಚದ ಮಂಡಿನೋವಿನವರಿಗೂ ಅದೇ ಯಂತ್ರ. 300ರಲ್ಲಿದ್ದ ಲೆಕ್ಕ 320 ಆಯಿತು. ಔಷಧದಂಗಡಿಯಲ್ಲಿ ಕೊಂಡ ಸೊಂಟಪಟ್ಟಿಯದೂ ಇದೇ ಕಥೆ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಹೊರಡಿಸುವ ‘ನೈಸ್’ ಸಂಸ್ಥೆ 2016ರಲ್ಲೇ ಎಳೆತವೂ ಬೇಡ, ಪಟ್ಟಿಯೂ ಬೇಡ ಎಂದಿತ್ತು. ನಾನು ಓದಿದ್ದು ಹಣ ಕೊಟ್ಟ ಮೇಲೆ.

ಫೆಬ್ರವರಿಯಲ್ಲಿ ಹುಬ್ಬಳ್ಳಿಯ ಇನ್ನೊಬ್ಬ ಫಿಸಿಯೋಥೆರಪಿಸ್ಟರ ಬಳಿ ಹೋದಾಗ ಆ ತಾಯಿ ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ಒಂಟಿಕಾಲಿನಲ್ಲಿ ತುದಿಬೆರಳ ಮೇಲೆ ಹತ್ತು ಸಲ ಏಳಿ ಎಂದರು. ಬಲಗಾಲಿನಲ್ಲಿ ಹತ್ತೂ ಆಯಿತು, ಎಡಗಾಲಿನಲ್ಲಿ ನಾಲ್ಕಕ್ಕೆ ಹಿಮ್ಮಡಿ ನೆಲಕ್ಕೆ. ಮುಂದಕ್ಕೆ ಬಾಗಿಸಿದರು: ಮೀನಖಂಡ ಚುರ್ ಎಂದಿತು. ಬೋರಲು ಮಲಗಿಸಿ, ಸೊಂಟ ನೆಲ ಬಿಡದಂತೆ ಅಂಗೈ ಊರಿ ಎದೆ ಎತ್ತಲು ಹೇಳಿದರು. ಹತ್ತನೆಯ ಸಲಕ್ಕೆ ಟೊಂಕದಲ್ಲಿ ನೋವು ಜೋರಾಯಿತು. ನಾನು ಗಾಬರಿಯಾದರೆ ಅವರು, ‘ಟೊಂಕ ಇರಲಿ ಅಣ್ಣಾ, ಮೀನಖಂಡ ಹೇಗಿದೆ?’ ಎಂದು ಕೇಳಿದರು. ನೋಡಿದರೆ ಅಲ್ಲಿ ನೋವು ಅರ್ಧಕ್ಕರ್ಧ ಇಳಿದಿತ್ತು. ಪಾದದಿಂದ ಮೇಲೇರಿ ಬೆನ್ನಿನ ಕಡೆ ಹಿಂದೆಗೆಯುವ ನೋವು ಒಳ್ಳೆಯ ಸೂಚನೆಯಂತೆ. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ 1956ರಲ್ಲಿ ಇದನ್ನು ಕಂಡದ್ದು ಆಕಸ್ಮಿಕವಾಗಿ. ತಲೆದಿಕ್ಕು ಎತ್ತಿದ್ದ ಮಂಚದ ಮೇಲೆ ಬೋರಲು ಮಲಗಿ ಬೆನ್ನು ಹಿಂದಕ್ಕೆ ಬಾಗಿದ್ದ ರೋಗಿಯೊಬ್ಬ ಕಾಲುನೋವು ಹೋಯಿತೆಂದು ಎದ್ದನಂತೆ.

ಎರಡು ತಾಸಿಗೊಮ್ಮೆ ಹತ್ತು ಸಲ, ಮುದ್ರಣಾಲಯದ ನೆಲದ ಮೇಲೆ ರಟ್ಟು ಹಾಸಿಕೊಂಡು. ಗಿರಾಕಿಗಳು ಬಂದು ಕೌಂಟರಿನ ಮೇಲಿಂದ ಬಗ್ಗಿ, ‘ಏನು ಹುಡುಕುತ್ತಿದ್ದೀರಿ?’ ಎಂದು ಕೇಳುತ್ತಿದ್ದರು. ಮೂರು ವಾರಕ್ಕೆ 900 ಹೆಜ್ಜೆ. ಮಾರ್ಚ್ ಕೊನೆಗೆ 1,600. ಹನ್ನೆರಡು ವಾರ ಕಳೆದಿತ್ತಲ್ಲ, ತಾನಾಗಿಯೇ ವಾಸಿಯಾಗಿರಬಹುದು ಎಂಬ ಅನುಮಾನ ನನಗೂ ಇತ್ತು. ಆದರೆ ಯುಗಾದಿಯ ಮುಂಚಿನ ಗದ್ದಲದಲ್ಲಿ ಐದು ದಿನ ಬಿಟ್ಟೆ, ನೋವು ಮತ್ತೆ ಮೀನಖಂಡಕ್ಕೆ ಇಳಿಯಿತು. ಎರಡು ದಿನ ಮತ್ತೆ ನೆಲದ ವ್ಯಾಯಾಮ ಹಿಡಿದೆ, ನೋವು ಟೊಂಕದ ಕಡೆ ಹಿಂದೆಗೆಯಿತು. ಆಗ ಕಟಿಬಸ್ತಿಯೂ ನೆನಪಾಯಿತು. ಅಲ್ಲಿಯೂ ನಲವತ್ತು ನಿಮಿಷ ಬೋರಲು ಮಲಗಿದ್ದೆನಲ್ಲ? ಅಂದಿನ 410 ಹೆಜ್ಜೆಗಳಲ್ಲಿ ತೈಲದ ಪಾಲೆಷ್ಟು, ಮಲಗಿದ ಭಂಗಿಯ ಪಾಲೆಷ್ಟು ಎಂದು ಇಂದಿಗೂ ಯೋಚಿಸುತ್ತೇನೆ.

ಗೆದ್ದ ಹುಮ್ಮಸ್ಸಿನಲ್ಲಿ ನಾನೊಂದು ತಪ್ಪು ಮಾಡಿದೆ. ಬೆಟಗೇರಿಯಲ್ಲಿರುವ ಸೋದರಮಾವನಿಗೂ ಇದೇ ಹೆಸರಿನ ನೋವು, ಎಂಟು ವರ್ಷದಿಂದ. ಅರವತ್ತೆಂಟು ವಯಸ್ಸು, ಹುಟ್ಟಿದಾಗಿನಿಂದ ಕುಣಿಮಗ್ಗ. ‘ಮಾವ, ಬೋರಲು ಮಲಗಿ ಎದೆ ಎತ್ತು’ ಎಂದು ನಿಂತು ಮಾಡಿಸಿದೆ. ಮೂರು ದಿನಕ್ಕೆ ಫೋನು ಬಂತು. ‘ತಮ್ಮಾ, ನಿನ್ನ ವ್ಯಾಯಾಮ ನಿನಗೇ ಇರಲಿ. ಎರಡೂ ಕಾಲು ಸೇದುತ್ತಿವೆ.’

ಹೋಗಿ ಕಣ್ಣಾರೆ ನೋಡಿದೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಮುಂದಕ್ಕೆ ಬಾಗಿ, ಲಾಳಿ ಓಡಿಸುತ್ತ ಮೂರು ತಾಸು ಕುಳಿತರೂ ಮಾವನಿಗೆ ನೋವಿಲ್ಲ. ನನಗೆ ಅಲ್ಲಿ ಹತ್ತು ನಿಮಿಷ ಕೂರಲಾಗಲಿಲ್ಲ. ಎದ್ದು ಸಂತೆಗೆ ಹೊರಟರೆ ನೂರು ಮಾರಿಗೆ ಅವನ ಕಾಲು ಭಾರ. ಸೈಕಲ್ಲಿನ ಹ್ಯಾಂಡಲ್ಲಿನ ಮೇಲೆ ಒರಗಿ ತಳ್ಳಿಕೊಂಡು ಹೋದರೆ ಊರಾಚೆಗೂ ನಡೆಯುತ್ತಾನೆ. ಹುಬ್ಬಳ್ಳಿಗೆ ಕರೆದೊಯ್ದು ತೋರಿಸಿದಾಗ ಗೊತ್ತಾಯಿತು, ಅವನದು ಡಿಸ್ಕಲ್ಲ, ವಯಸ್ಸಿಗೆ ನರದ ಓಣಿಯೇ ಕಿರಿದಾದದ್ದು. ಬಾಗಿದರೆ ಓಣಿ ಅಗಲವಾಗುತ್ತದೆ, ನೆಟ್ಟಗಾದರೆ ಬಿಗಿಯುತ್ತದೆ. ನನ್ನ ಮದ್ದು ಅವನಿಗೆ ಪೆಟ್ಟು, ಅವನ ಸುಖ ನನಗೆ ಪೆಟ್ಟು. ಅವನಿಗೆ ಮಂಡಿ ಎದೆಗೆ ತಂದುಕೊಳ್ಳುವ ವ್ಯಾಯಾಮ, ಸೈಕಲ್ಲು. ಆದ್ದರಿಂದ ಯಾರಾದರೂ ‘ಸಯಾಟಿಕಾಕ್ಕೆ ಯಾವುದು ಒಳ್ಳೆಯದು?’ ಎಂದು ಕೇಳಿದರೆ, ಮುಂದಕ್ಕೆ ಬಾಗಿದರೆ ನೋವೋ, ಹಿಂದಕ್ಕೆ ಬಾಗಿದರೆ ನೋವೋ ಎಂದು ನಾನೇ ತಿರುಗಿ ಕೇಳುತ್ತೇನೆ. ಎಂಆರ್‌ಐ ಚಿತ್ರಕ್ಕಿಂತ ಇದು ಹೆಚ್ಚು ಹೇಳಿತು ನನಗೆ. ನೋವೇ ಇಲ್ಲದವರನ್ನು ಪರೀಕ್ಷಿಸಿದರೂ ಐವತ್ತರ ಆಸುಪಾಸಿನವರಲ್ಲಿ ನೂರಕ್ಕೆ 60 ಜನರ ಡಿಸ್ಕು ಉಬ್ಬಿರುತ್ತದೆ ಎಂದು 2015ರ ಒಂದು ಪರಿಶೀಲನೆ ಹೇಳಿದೆ.

ಇಂಜೆಕ್ಷನ್, ಶಸ್ತ್ರಚಿಕಿತ್ಸೆ ನಾನು ಮಾಡಿಸಿಲ್ಲ, ಅವಕ್ಕೆ ಅಂಕ ಕೊಡುವ ಅಧಿಕಾರ ನನಗಿಲ್ಲ. ನೆದರ್ಲೆಂಡ್ಸಿನ 2007ರ ಅಧ್ಯಯನವೊಂದರಲ್ಲಿ ಬೇಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಬೇಗ ಆರಾಮವಾಯಿತು, ವರ್ಷದ ಕೊನೆಗೆ ಕಾದವರೂ ಅವರೂ ಸಮನಾಗಿದ್ದರು. ಆದರೆ ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಯ ಸಂದಿಯ ಸುತ್ತ ಸ್ಪರ್ಶ ಹೋದರೆ, ಪಾದ ಎತ್ತಲಾಗದೆ ಜೋತುಬಿದ್ದರೆ ಉಪ್ಪಿನ ಗಂಟು, ಎಣ್ಣೆ, ವ್ಯಾಯಾಮ ಎಲ್ಲವನ್ನೂ ಬಿಟ್ಟು ಅದೇ ದಿನ ದೊಡ್ಡ ಆಸ್ಪತ್ರೆಗೆ ಓಡಬೇಕು.

ಹೋಗಿಬರುವ ವಾಹನದ ಮಾತೊಂದು ಉಳಿಯಿತು. ಗದಗಿನಿಂದ ಹುಬ್ಬಳ್ಳಿಗೆ ಸುಮಾರು ಅರವತ್ತು ಕಿಲೋಮೀಟರ್. ಬಸ್ಸಿನಲ್ಲಿ ಕುಳಿತರೆ ಕುಳಿತ ಹಾಗೆಯೇ ಇರಬೇಕು. ರೈಲಿನಲ್ಲಿ ಅಣ್ಣಿಗೇರಿ ಬಂದಾಗ ಎದ್ದು ಬಾಗಿಲ ತನಕ ಹೋಗಿ ಬರಬಹುದು. ಈ ಹೋಲಿಕೆಯಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಏಪ್ರಿಲ್ ಕೊನೆಯ ವಾರ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಕೂರದೆ ನಡೆದೆ. 2,214 ಹೆಜ್ಜೆ. ಚೀಟಿಪುಸ್ತಕದಲ್ಲಿ ಬರೆದು ಅಡಿಗೆರೆ ಎಳೆಯುವಾಗ ಎಡಗಾಲಿನ ಚಪ್ಪಲಿ ಇಲ್ಲವೆಂದು ಕಂಡಿತು. ಕಿರುಬೆರಳಿನ ಜೋಮು ಇನ್ನೂ ಹೋಗಿರಲಿಲ್ಲ, ಜಾರಿದ್ದು ತಿಳಿದಿರಲಿಲ್ಲ. ಹುಡುಕಿಕೊಂಡು ಹಿಂದಕ್ಕೆ ಹೊರಟೆ. ಆರುನೂರು ಹೆಜ್ಜೆಯಾಚೆ, ನಾನು ಡಿಸೆಂಬರಿನಲ್ಲಿ ಕೂರುತ್ತಿದ್ದ ಬೆಂಚಿನ ಎದುರು ಬಿದ್ದಿತ್ತು.