ಕಾವೋಯಾನ್, ಬ್ರಿಟನ್, ಅಮೆರಿಕ: ಚೀನಾದ ಪದವೀಧರರ ಮುಂದಿರುವ ದಾರಿಗಳು

ಚೀನಾದಲ್ಲೇ ಎಂ.ಎ., ಎಂ.ಎಸ್‌ಸಿ. ಓದಬೇಕಾದರೆ ಹೆಚ್ಚಿನವರು ಡಿಸೆಂಬರ್‌ನಲ್ಲಿ ಕಾವೋಯಾನ್ ಪರೀಕ್ಷೆ ಬರೆಯಬೇಕು. 2023ರ ಪ್ರವೇಶಕ್ಕೆ ಅರ್ಜಿ ಹಾಕಿದವರು 47 ಲಕ್ಷಕ್ಕೂ ಜಾಸ್ತಿ. ಅರ್ಧಕ್ಕೂ ಹೆಚ್ಚು ಜನರಿಗೆ ಸೀಟು ಸಿಗಲಿಲ್ಲ. ಅರ್ಜಿಯಲ್ಲೇ ಒಂದು ವಿಶ್ವವಿದ್ಯಾಲಯ, ಒಂದು ವಿಷಯ ಆರಿಸಬೇಕು. ಅಲ್ಲಿ ಅಂಕ ಸಾಲದಿದ್ದರೆ ಮಿಕ್ಕ ಸೀಟಿಗೆ ಅಲೆಯಬೇಕು, ಇಲ್ಲವೇ ಇನ್ನೊಂದು ವರ್ಷ ಓದಬೇಕು. ಫೀಸು ಕಡಿಮೆ, ನಿಜ. ಆದರೆ ಕಳೆದುಕೊಂಡ ವರ್ಷಕ್ಕೂ ಬೆಲೆ ಇದೆ ಅಲ್ವಾ?

ಹೊರದೇಶದ ದೊಡ್ಡ ಸೆಳೆತ ಇಲ್ಲೇ ಇದೆ. ಒಂದೇ ಸಲ ಹಲವು ಕಡೆ ಅರ್ಜಿ ಹಾಕಬಹುದು. ನಾಲ್ಕು ವರ್ಷದ ಅಂಕಗಳನ್ನು ನೋಡುತ್ತಾರೆ, ಎರಡು ದಿನದ ಪರೀಕ್ಷೆಯನ್ನಲ್ಲ.

ಬ್ರಿಟನ್‌ನಲ್ಲಿ ಹೆಚ್ಚಿನ ಮಾಸ್ಟರ್ಸ್ ಒಂದೇ ವರ್ಷ. ಬೇಗ ಮುಗಿಸಿ ಊರಿಗೆ ಮರಳಿ ಕೆಲಸ ಹುಡುಕುವವರಿಗೆ ಇದೇ ಸರಿ. ಓದಿದ ಮೇಲೆ ಅಲ್ಲಿ ಉಳಿಯುವ ಅವಕಾಶ ಮಾತ್ರ ಕುಗ್ಗುತ್ತಿದೆ: 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ ಎರಡು ವರ್ಷದ ಬದಲು 18 ತಿಂಗಳು.

ಸಂಶೋಧನೆಯೇ ಗುರಿಯಾದರೆ ನಾನು ಅಮೆರಿಕವನ್ನೇ ಮೇಲಿಡುತ್ತೇನೆ. ಆದರೆ ಚೀನಾದ ಸೇನೆಯೊಂದಿಗೆ ನಂಟಿರುವ ಸಂಸ್ಥೆಗಳಲ್ಲಿ ಓದಿದವರಿಗೆ ಅಮೆರಿಕ ಸರ್ಕಾರದ 2020ರ ಆದೇಶದಿಂದ ವೀಸಾ ಕಷ್ಟ. ಓದಿದ ಕಾಲೇಜಿನ ಕಾರಣಕ್ಕೇ ಬಾಗಿಲು ಮುಚ್ಚುವುದು ಬೇಸರದ ಸಂಗತಿ. 2019-20ರಲ್ಲಿ ಅಲ್ಲಿ ಸುಮಾರು 3.72 ಲಕ್ಷ ಚೀನೀ ವಿದ್ಯಾರ್ಥಿಗಳಿದ್ದರು, 2023-24ರಲ್ಲಿ 2.77 ಲಕ್ಷ.

ಮನೆ ಹತ್ತಿರವಿರಲಿ ಎನ್ನುವವರು ಹಾಂಗ್‌ಕಾಂಗ್ ನೋಡಬಹುದು. ಅಲ್ಲೂ ಒಂದು ವರ್ಷದ ಕೋರ್ಸ್‌ಗಳಿವೆ, ಪಾಠ ಇಂಗ್ಲಿಷ್‌ನಲ್ಲಿ.